ಯಾರಿಗೂ ಹೇಳದ ಊರು

"ನಿಮ್ಮ ಆಫೀಸಿನವರು ಹೇಳಿದ ಊರು ನನಗೆ ಬೇಡ!"

ಕುರ್ಚಿ ಎಳೆದು ಕೂರುವ ಮೊದಲೇ ಅವನು ಸಿಡಿದ. ವೃತ್ತಿಯಲ್ಲಿ ಹಲ್ಲಿನ ಡಾಕ್ಟರು, ಕೋಪ ಮೂಗಿನ ತುದಿಯಲ್ಲಿ... ಆದರೆ ಕಣ್ಣು ಮಾತ್ರ ಬಲು ಮೆತ್ತಗೆ.

"ಯಾಕೆ ಬೇಡ?"

"ಇಡೀ ಊರು ಏರು, ಇಳಿಜಾರು. ಅವಳಿಗೆ ಮಂಡಿನೋವು. ಹತ್ತೋಕಾಗಲ್ಲ."

ಅವಳಿಗೆ! ಹೆಂಡತಿಯೇ ಇರಬೇಕು.

ವಿದೇಶಕ್ಕೆ ಹೊರಟವರಿಗೆ ತಕ್ಕ ಊರು ಆರಿಸಿಕೊಡುವುದು ಮೇಜಿನಾಚೆ ಕೂತಿದ್ದ ನಮ್ಮ ಹುಡುಗಿಯ ಕೆಲಸ. ಚಳಿ, ಬಾಡಿಗೆ, ಬಸ್ಸು, ಎಲ್ಲವನ್ನೂ ಕೆದಕಿ ಕೇಳುವಳು. ಜೊತೆಗೆ ಬರುವವರು ಯಾರು ಎಂದು ಮಾತ್ರ ಕೇಳಳು. ಹಿಂದೊಮ್ಮೆ ಒಬ್ಬರನ್ನು "ನಿಮ್ಮ ಮಗಳಾ?" ಎಂದು ಕೇಳಿ, ಅದು ಅವರ ಹೆಂಡತಿಯಾಗಿ, ಸರಿಯಾಗಿ ಮಂಗಳಾರತಿ ಮಾಡಿಸಿಕೊಂಡಿದ್ದಳು. ಅಂದಿನಿಂದ ಆ ಪ್ರಶ್ನೆಗೆ ಬೀಗ.

ಅವನು ವಾರವಾರವೂ ಬಂದ. ತೋರಿಸಿದ ಊರಿಗೆಲ್ಲ ಒಂದೊಂದು ಕೊಂಕು ತೆಗೆದ.

"ನಗುವಾಗ ಬಾಯಿ ಯಾಕೆ ಮುಚ್ಕೋತೀರಾ?"

"ನಿಮ್ಮ ಮುಂದೆ ಬಾಯಿ ತೆಗೆದ್ರೆ ಬಿಲ್ ಬರುತ್ತಲ್ಲ!"

ಅವನು ನಕ್ಕ. ಅವಳ ಎದೆ ಸುಮ್ಮನಿರಲಿಲ್ಲ. 'ಹೆಂಡತಿ ಇರೋನ ಮೇಲೆ ಮನಸಾ? ನಾಚಿಕೆ ಆಗ್ಬೇಕು ನಿಂಗೆ!' ಎಂದು ತನ್ನನ್ನೇ ಗದರಿಕೊಂಡಳು. ಬೇಗ ಒಂದು ಊರು ಕೊಟ್ಟು ಸಾಗಹಾಕುವುದೇ ವಾಸಿ ಎನಿಸಿತು.

ಸಮತಟ್ಟು ಬೀದಿ, ಹತ್ತಿರದಲ್ಲೇ ಮಾರುಕಟ್ಟೆ, ಕರೆದು ಮಾತಾಡಿಸುವ ನೆರೆಹೊರೆ... ಅವನು ಕೇಳಿದ್ದೆಲ್ಲ ಇದ್ದದ್ದು ಒಂದೇ ಊರಿನಲ್ಲಿ. ಆ ಊರನ್ನು ಅವಳು ಈವರೆಗೆ ಯಾರಿಗೂ ಹೇಳಿರಲಿಲ್ಲ. ಅದು ಅವಳು ತನಗೆಂದು ಎತ್ತಿಟ್ಟುಕೊಂಡ ಊರು.

ಹೇಳಿಬಿಟ್ಟಳು.

"ನದಿ ಪಕ್ಕದ ಬೀದೀಲಿ, ಎಡಗಡೆ ಸಾಲಲ್ಲೇ ಮನೆ ಹಿಡೀರಿ. ಮಧ್ಯಾಹ್ನದ ಬಿಸಿಲು ಅಡುಗೆಮನೆಗೆ ಬರುತ್ತೆ. ಮೂಲೇಲಿ ಬ್ರೆಡ್ ಅಂಗಡಿ ಇದೆ. ಅಂಗಡಿ ಅಜ್ಜ ಸ್ವಲ್ಪ ಸಿಡುಕ, ಆದ್ರೆ ಒಳ್ಳೆಯವನು..."

"ಎಷ್ಟು ವರ್ಷ ಇದ್ರಿ ಅಲ್ಲಿ?"

"ಹೋಗೇ ಇಲ್ಲ. ಇದ್ದು ಬಂದವರನ್ನ ಕೇಳಿ ಕೇಳಿ ತಿಳ್ಕೊಂಡೆ."

ಅವನು ಅವಳನ್ನೇ ನೋಡಿದ. ಎದ್ದು ಹೋದ.

ಮುಂದಿನ ವಾರ ಅವನ ಜೊತೆ ಕುಂಟುತ್ತಾ ಒಬ್ಬ ಹೆಂಗಸು ಬಂದಳು. ತಲೆಗೂದಲು ಅರ್ಧ ನೆರೆತಿತ್ತು.

"ಇವಳೇ ಮಂಡಿನೋವಿನ ಮಹಾರಾಣಿ. ನಮ್ಮಕ್ಕ."

ಅಕ್ಕ! ಇಷ್ಟು ದಿನ ಸುಮ್ಮಸುಮ್ಮನೆ ಹೊಟ್ಟೆ ಉರಿಸಿಕೊಂಡದ್ದಕ್ಕೆ ಅವಳಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಊರೇನೋ ನಂಗೆ ಹಿಡಿಸ್ತು ಕಣಮ್ಮ," ಎಂದಳು ಅಕ್ಕ. "ಇವನೇ ಬೇಡ ಅಂತ ಹಟ ಹಿಡಿದಿದಾನೆ. ಅದೇನು ಅಂತ ನೀನೇ ಕೇಳು. ನಾನು ಹೊರಗಡೆ ಕೂತಿರ್ತೀನಿ."

ಬಾಗಿಲು ಮುಚ್ಚಿತು.

"ಯಾಕೆ ಬೇಡ?"

"ಅದು ನಿಮ್ಮ ಊರು. ನೀವಿಲ್ಲದೆ ಅಲ್ಲಿಗೆ ಹೋದ್ರೆ ಕದ್ದ ಹಾಗಾಗುತ್ತೆ." ಅವನ ದನಿ ಇಳಿಯಿತು. "ಅಷ್ಟು ಆಸೆ ಇಟ್ಕೊಂಡು ಯಾಕೆ ಹೋಗಿಲ್ಲ ನೀವು?"

"ಭಯ..." ಕಣ್ಣು ತುಂಬಿತು. "ಊರೋರನ್ನೆಲ್ಲ ಧೈರ್ಯ ಹೇಳಿ ಕಳಿಸ್ದೆ. ಒಬ್ಬಳೇ ಹೊರಡೋಕೆ ನಂಗೇ ಆಗ್ಲಿಲ್ಲ."

"ನನಗೂ ಭಯ ಇದೆ."

"ಹಲ್ಲು ಕೀಳೋರಿಗೂ ಭಯಾನಾ?"

"ಕೀಳೋವಾಗ ಇಲ್ಲ. ಈಗ ಇದೆ. ನಿಮ್ಮನ್ನ ತುಂಬಾ ಇಷ್ಟಪಡ್ತೀನಿ, ಜೊತೆಗೆ ಬರ್ತೀರಾ ಅಂತ ಕೇಳ್ತಿದೀನಿ... ನೀವಿನ್ನೂ ಹೂಂ ಅಂದಿಲ್ಲ."

ಅವಳು ಕಣ್ಣೊರೆಸಿಕೊಂಡಳು.

"ಹೂಂ," ಎಂದಳು.