ಒಂದೂ ಬಟನ್ ಇಲ್ಲವೆಂದ ಹುಡುಗಿ

"ನಿಮ್ಮ ಸ್ಕ್ರೀನ್ ಫೈಲ್‌ನಲ್ಲಿ ಒಂದೂ ಬಟನ್ ಇಲ್ಲ! ಇಷ್ಟು ದಿನ ಏನ್ ಮಾಡ್ತಿದ್ರಿ?"

ಬಾಂಡುಂಗ್‌ನ ಸಾಫ್ಟ್‌ವೇರ್ ಆಫೀಸಿನಲ್ಲಿ ಎಲ್ಲರೆದುರೇ ಕಿನಾಂತಿ ಕೇಳಿದಳು. ಎದುರಿಗಿದ್ದವನು ಗಿಲಾಂಗ್. ಗಾರುತ್ ಊರಿನ ಮನೆಯಿಂದ ಕೆಲಸ ಮಾಡುತ್ತಿದ್ದವನು, ಇಂದೇ ಮೊದಲು ಮುಖ ತೋರಿಸಿದ್ದ. ಈವರೆಗೆ ಅವಳಿಗೆ ಗೊತ್ತಿದ್ದದ್ದು ಫೋನಿನ ದನಿ ಮಾತ್ರ... ಆ ದನಿಗೇ ಸೋತಿದ್ದಳು!

"ಚಿಯೇ... ಟೆಹ್ ಕಿನಾಂತಿ ಲಿಪ್‌ಸ್ಟಿಕ್ ನೋಡ್ರೋ!" ಎಂದು ಬೆಳಿಗ್ಗೆಯೇ ಪಕ್ಕದ ಮೇಜಿನ ಡಾಡಾಂಗ್, ಅಕ್ಕ ಎನ್ನುವ ‘ಟೆಹ್’ ಸೇರಿಸಿ ಕಿಚಾಯಿಸಿದ್ದ. ಪಕ್ಷಪಾತಿ ಎನಿಸಿಕೊಳ್ಳುವ ಭಯಕ್ಕೆ ಅವಳು ಬೇಕಿದ್ದಕ್ಕಿಂತ ಕಟುವಾದಳು.

"ಟೆಹ್, ಒಂದ್ಸಲ ನನ್ನ ಫೈಲ್ ತೆಗೆದು..." ಎಂದ ಗಿಲಾಂಗ್.

"ನೆಪ ಬೇಡ. ನನ್ನ ಚೆಕಿಂಗ್ ಪ್ರೋಗ್ರಾಂ ಸೊನ್ನೆ ಅಂತಿದೆ."

ಎಲ್ಲರೂ ಗೌರವದಿಂದ ‘ಬು’ ಎನ್ನುವ ಮುಖ್ಯಸ್ಥೆ ಹೆರ್ಲಿನಾ ನಿಟ್ಟುಸಿರಿಟ್ಟರು. "ಇನ್ನೂ ಪ್ರೊಬೇಷನ್ ಅಲ್ವೇನಪ್ಪಾ... ನಿನ್ನ ನೌಕರಿ ಇವತ್ತಿಗೇ ಮುಗಿಸೋಣ."

ಗಿಲಾಂಗ್ ಬ್ಯಾಗು ಹೆಗಲಿಗೇರಿಸಿ ಹೊರಟುಹೋದ.

ಆಮೇಲೆ ಕಿನಾಂತಿ ಫೈಲ್ ತೆರೆದಳು. ಬಟನ್‌ಗಳೆಲ್ಲ ಅಲ್ಲೇ ಇದ್ದವು!

ಮೊದಲ ಸಾಲಿನಲ್ಲೇ ಅವನು ಹೊಸ ಚೌಕಟ್ಟಿನ ನೇಮ್‌ಸ್ಪೇಸ್, ಅಂದರೆ ಟ್ಯಾಗ್‌ಗಳ ಮನೆತನದ ಹೆಸರು, ಘೋಷಿಸಿದ್ದ. ಒಳಗಿನ ಬಟನ್ ಟ್ಯಾಗ್‌ಗಳೆಲ್ಲ ಅದಕ್ಕೇ ಸೇರಿದವು. ಬಾಗಿಲಲ್ಲಿ ಮನೆತನದ ಹೆಸರಿದ್ದರೆ ಪ್ರತಿ ಮಗುವಿನ ಹಣೆಯ ಮೇಲೂ ಬರೆಯಬೇಕೇ? ಹಳೆಯ ಫೈಲ್‌ಗಳಲ್ಲಿ ಆ ಸಾಲು ಇರಲಿಲ್ಲ. ಅವಳ ಪ್ರೋಗ್ರಾಂ ಈಗಲೂ ಮನೆತನದ ಹೆಸರಿಲ್ಲದ ಬಟನ್‌ಗಳನ್ನೇ ಹುಡುಕಿತ್ತು. ಸಿಗುವುದಾದರೂ ಹೇಗೆ?

ಗುಟ್ಟಾಗಿ ತಿದ್ದಿಬಿಟ್ಟರೆ...? ಆ ಯೋಚನೆಗೇ ಅವಳ ಕಿವಿ ಬಿಸಿಯಾಯಿತು. ಛೀ, ಅವನ ಕೆಲಸ ಹೋಗಿದೆ!

"ತಪ್ಪು ನಂದು, ಬು," ಎಂದಳು ಎದ್ದು ನಿಂತು, ಎಲ್ಲರಿಗೂ ಕೇಳುವಂತೆ. "ನನ್ನ ಪ್ರೋಗ್ರಾಂ ತಪ್ಪು. ಅವ್ರ ಮಾತು ಮುಗಿಸೋಕೂ ಬಿಡ್ಲಿಲ್ಲ ನಾನು."

ಡಾಡಾಂಗ್ ಕೂಡ ನಗಲಿಲ್ಲ.

"ಹೋಗು, ಕರ್ಕೊಂಡು ಬಾ. ಅವನ ಕೆಲಸ ಅವನಿಗಿದೆ. ಬರೋದು ಬಿಡೋದು ಅವನಿಷ್ಟ," ಎಂದರು ಬು ಹೆರ್ಲಿನಾ.

ಗಿಲಾಂಗ್ ರಸ್ತೆಯಾಚೆ ಬಕ್ಸೋ ಎಂಬ ಮಾಂಸದುಂಡೆ ಸೂಪಿನ ಗಾಡಿಯ ಬಳಿ, ಗಾರುತ್ ವ್ಯಾನಿಗೆ ಕಾಯುತ್ತ ಕುಳಿತಿದ್ದ. ನಡೆದದ್ದನ್ನೆಲ್ಲ ಹೇಳುವಷ್ಟರಲ್ಲಿ ಅವಳು ಕಣ್ಣೊರೆಸಿಕೊಂಡಳು.

"ನೆಂಗ್, ತಂಗೀ, ಅಳೋದಾದ್ರೆ ಸಾಂಬಾಲ್ ಚಟ್ನಿ ಹಾಕ್ಕೊಂಡು ಅಳು. ಖಾರ ಅಂದ್ಕೋತಾರೆ," ಎಂದ ಗಾಡಿಯವನು.

ಗಿಲಾಂಗ್ ನಗಲಿಲ್ಲ. "ತುಂಬಾ ನೋವಾಯ್ತು, ಟೆಹ್. ಅದನ್ನ ಹೇಳಿದ್ದು ನೀವಾಗಿದ್ದಕ್ಕೇ ಜಾಸ್ತಿ."

"ಗೊತ್ತು... ನಿಮ್ಮ ಮುಖ ನೋಡೋಕೂ ನಾಚಿಕೆಯಾಗ್ತಿದೆ."

ವ್ಯಾನು ಬಂತು. ಅವನು ಏಳಲಿಲ್ಲ.

"ತಪ್ಪು ಒಪ್ಕೊಂಡ್ರಿ. ಇನ್ನೇನಾದ್ರೂ ಒಪ್ಕೊಳ್ಳೋದಿದ್ಯಾ?"

"ಇದೆ... ಆದ್ರೆ ಹೇಳೋ ಯೋಗ್ಯತೆ ಇವತ್ತು ನನಗಿಲ್ಲ."

"ನಾಳೆ ಆಫೀಸಿಗೆ ಬರ್ತೀನಲ್ಲ, ಆಗ?"

ಅವಳು ತಲೆಯೆತ್ತಿದಳು. ಕಣ್ಣು ತುಂಬಿ ಬಂತು.

"ಬೇಡ, ಈಗ್ಲೇ ಹೇಳ್ತೀನಿ. ನೀವಂದ್ರೆ ನಂಗಿಷ್ಟ, ಗಿಲಾಂಗ್."

"ನಾನಂತೂ ಮಧ್ಯೆ ಬಾಯಿ ಹಾಕಲ್ಲ," ಎಂದ ಅವನು ಮೆಲ್ಲಗೆ. "ಪೂರ್ತಿ ಹೇಳಿ..."