ಮೊದಲು ಓದಬಾರದ ಪುಸ್ತಕ

ಎಂಬತ್ತು ಪುಟದ ತೆಳ್ಳನೆಯ ಪುಸ್ತಕ, ಬೆಲೆ ನನ್ನ ಅರ್ಧ ದಿನದ ಸಂಬಳ. ಅಂಥವು ನಾಲ್ಕು. ಜೊತೆಗೆ ದಪ್ಪನೆಯ ಕಾದಂಬರಿ ಮೂರು, ಒಂದೊಂದಕ್ಕೂ ಒಂದೂವರೆ ದಿನದ ದುಡಿಮೆ. ಒಟ್ಟು ಆರೂವರೆ ದಿನ ಹಲ್ಲು ಕಟ್ಟುವ ಲ್ಯಾಬಿನಲ್ಲಿ ಹಲ್ಲಿನ ಸೆಟ್ಟು ತಿಕ್ಕಿ ಸಂಪಾದಿಸಿದ್ದನ್ನು ಅಕ್ಕನ ಮಗಳ ಹುಟ್ಟುಹಬ್ಬಕ್ಕೆ ಸುರಿದೆ. ಹದಿನಾಲ್ಕರ ಹುಡುಗಿ, ವಾರದಲ್ಲಿ ಏಳನ್ನೂ ಮುಗಿಸಿದಳು.

"ಚಿಕ್ಕಿ, ನೀನೂ ಓದಲೇಬೇಕು."

ಮಾಂತ್ರಿಕ ಕೋಟೆ, ಮಾತಾಡೋ ಕುದುರೆ. ನನಗೂ ಅದಕ್ಕೂ ಎಲ್ಲಿಯ ನಂಟು? ತೆಳ್ಳನೆಯವು ದಪ್ಪ ಕಾದಂಬರಿಗಿಂತ ಹಿಂದೆ ನಡೆದದ್ದನ್ನು ಹೇಳುವ ಕಥೆಗಳಂತೆ. ಪ್ರೀಕ್ವೆಲ್ ಅನ್ನುತ್ತಾರೆ ಮಕ್ಕಳು. ಅವಳ ಕಾಟ ತಾಳದೆ ಅದರಲ್ಲಿ ಮೊದಲನೆಯದನ್ನು ಬ್ಯಾಗಿಗೆ ಹಾಕಿಕೊಂಡೆ. ಹದಿನಾಲ್ಕು ಪುಟ ಓದಿ, ಬಸ್ಸಿನಲ್ಲೇ ಮರೆತು ಇಳಿದೆ.

ಬಸ್ ಡಿಪೋದಲ್ಲಿ ಕಳೆದ ವಸ್ತುಗಳಿಗೆ ಅಂತ ಒಂದು ಕೌಂಟರ್ ಇದೆ. ಛತ್ರಿ, ಡಬ್ಬಿ, ಒಂಟಿ ಚಪ್ಪಲಿಗಳ ನಡುವೆ ನಲವತ್ತರ ಆಸುಪಾಸಿನ ಗುಮಾಸ್ತರೊಬ್ಬರು ಕೂತಿದ್ದರು. ನನ್ನ ಪುಸ್ತಕ ಅವರ ಕೈಯಲ್ಲೇ ಇತ್ತು.

"ನಿಮ್ಮದೇ ಅನ್ನೋಕೆ ಏನು ಗುರುತು?"

"ಹನ್ನೆರಡನೇ ಪುಟದಲ್ಲಿ ಕಾಫಿ ಕಲೆ ಇದೆ."

"ಹನ್ನೆರಡು, ಹದಿಮೂರು, ಹದಿನಾಲ್ಕು. ಧಾರಾಳವಾಗೇ ಚೆಲ್ಲಿದ್ದೀರಿ."

"ಅಷ್ಟೆಲ್ಲ ನೋಡಿದ್ರಾ?"

"ಪೂರ್ತಿ ಓದಿಬಿಟ್ಟೆ ರೀ. ತಪ್ಪಾಯ್ತು."

ನಕ್ಕರು. ಮೇಲಿನ ಸಾಲಿನ ಎಡಗಡೆ ಹಲ್ಲಿನ ತುದಿ ಚೂರು ಮುರಿದಿತ್ತು. ಮುಖಕ್ಕಿಂತ ಮೊದಲು ಹಲ್ಲು ನೋಡುವುದು ನನ್ನ ಚಾಳಿ. ನಾನು ನೋಡಿದ್ದನ್ನು ಅವರು ಕಂಡರು, ಬಾಯಿಗೆ ಕೈ ಅಡ್ಡ ಹಿಡಿದರು. ಕೈಯ ಮೇಲಿಂದ ಕಣ್ಣು ನಗುತ್ತಲೇ ಇದ್ದವು.

"ಒಂದು ಮಾತು. ಇದನ್ನ ಮೊದಲು ಓದಬೇಡಿ. ದಪ್ಪದ್ದೆಲ್ಲ ಮುಗೀಲಿ."

ಅಲ್ಲೇ ನನಗೆ ಅನುಮಾನ. ಹಿಂದೊಮ್ಮೆ ಒಬ್ಬರು "ಈ ಫೋನ್ ಮಾತ್ರ ಮುಟ್ಟಬೇಡ" ಅಂದಿದ್ದರು. ನಂಬಿ ಮುಟ್ಟಲಿಲ್ಲ. ಅವರಿಗೆ ಬೇರೆ ಊರಲ್ಲಿ ಹೆಂಡತಿ ಇದ್ದಾಳೆ ಅಂತ ತಿಳಿಯೋಕೆ ಮೂರು ವರ್ಷ ಹಿಡಿಯಿತು.

ಅವತ್ತೇ ಕೂತು ಅದನ್ನು ಓದಿ ಮುಗಿಸಿದೆ.

ಅದರಲ್ಲಿ ಕೋಟೆಯ ಕಾವಲುಗಾರ ಎಳೆಯ ವಯಸ್ಸಿನಲ್ಲಿ ಹೆದರಿ ಶತ್ರುಗಳಿಗೆ ಬಾಗಿಲು ತೆಗೆದು, ತಪ್ಪನ್ನು ಗೆಳೆಯನ ತಲೆಗೆ ಕಟ್ಟುತ್ತಾನೆ. ಅದು ಗೊತ್ತಾದ ಮೇಲೆ ದಪ್ಪ ಕಾದಂಬರಿಯಲ್ಲಿ ಅವನು ಯಾರಿಗಾದರೂ ನೀರು ಕೊಟ್ಟರೂ ನನಗೆ ಅದರಲ್ಲಿ ವಿಷ ಕಾಣುತ್ತಿತ್ತು.

"ಎಲ್ಲರೂ ಅವನನ್ನ ಎಷ್ಟು ಇಷ್ಟಪಡ್ತಾರೆ ಗೊತ್ತಾ?" ಅಂತ ಅಕ್ಕನ ಮಗಳು ಅಳೋದೊಂದು ಬಾಕಿ. "ಎಲ್ಲಾ ಹಾಳು ಮಾಡ್ಕೊಂಡೆ ಚಿಕ್ಕಿ!"

ಮತ್ತೊಮ್ಮೆ ಡಿಪೋ ಕಡೆ ಹೋದಾಗ ಗುಮಾಸ್ತರು ತೆಳ್ಳನೆಯದರಲ್ಲಿ ಎರಡನೆಯದನ್ನು ಕಡ ಕೇಳಿದರು. ಕೊಟ್ಟೆ. ರಶೀದಿ ಬೇಕು ಅಂದೆ. ಅವರು ಗಂಭೀರವಾಗಿ ಕಚೇರಿಯ ಚೀಟಿಯಲ್ಲೇ ಬರೆದರು: "ವಸ್ತು, ಪುಸ್ತಕ. ಸ್ಥಿತಿ, ಉತ್ತಮ. ಮಾಲೀಕರು, ಅನುಮಾನದವರು."

"ಇದೇನ್ರೀ ಇದು?"

"ಗುರುತು ಇರಬೇಕಲ್ಲ."

ಹೀಗೆ ನಾಲ್ಕೂ ಮುಗಿದವು, ಆಮೇಲೆ ಒಂದೊಂದಾಗಿ ದಪ್ಪದ್ದೂ. ಕೊನೆಯದನ್ನು ಹಿಂತಿರುಗಿಸಿದ ದಿನ ಅವರು ಮೇಜಿನ ಗೀರನ್ನು ಉಗುರಿನಿಂದ ಕೆರೆಯುತ್ತಾ ಅಂದರು, "ಭಾನುವಾರ ಮನೆಗೆ ಬನ್ನಿ. ಅಮ್ಮ ನೋಡಬೇಕಂತೆ."

"ಪುಸ್ತಕಾನಾ?"

"ಅಮ್ಮ ಕನ್ನಡಕ ಎಲ್ಲೋ ಇಟ್ಟು ಮರೆತಿದ್ದಾರೆ. ನಿಮ್ಮನ್ನೇ."

ಹೋಗೋದು ಅಂದರೆ ಏನರ್ಥ ಅಂತ ನನಗೂ ಗೊತ್ತು. ಯೋಚಿಸಿ ಹೇಳ್ತೀನಿ ಅಂದೆ.

ಲ್ಯಾಬಿನಲ್ಲಿ ನನ್ನ ಜೊತೆ ಅಚ್ಚು ಎರಕ ಹೊಯ್ಯುವವಳ ತಮ್ಮ ಡಿಪೋದಲ್ಲಿದ್ದಾನೆ. ಸುದ್ದಿ ಅವಳ ಬಾಯಿಂದಲೇ ಬಂತು. "ಆ ಗುಮಾಸ್ತನಾ? ಮೊದಲು ಡ್ರೈವರ್ ಆಗಿದ್ದ ಕಣೇ. ಬಸ್ಸನ್ನ ಗೋಡೆಗೆ ಗುದ್ದಿ, ಬ್ರೇಕ್ ಕೆಟ್ಟಿತ್ತು ಅಂತ ಸುಳ್ಳು ಹೇಳಿ, ಪಾಪದ ಮೆಕ್ಯಾನಿಕ್ ಕೆಲಸ ಕಳೆದ."

ಕೈಯಲ್ಲಿದ್ದ ಮೇಣದ ಹಲ್ಲು ಸೊಟ್ಟಗಾಯಿತು. ಮಾರನೇ ದಿನ ನೇರ ಕೌಂಟರಿಗೆ ಹೋದೆ.

"ನಿಮ್ಮ ಹಿಂದಿನ ಕಥೆ ಕೇಳಿದೆ."

ಅವರು ಕೈಲಿದ್ದ ಛತ್ರಿ ಕೆಳಗಿಟ್ಟರು. "ಎಷ್ಟು ಪುಟ ಹೇಳಿದ್ರು?"

"ಬ್ರೇಕಿನವರೆಗೆ."

"ನಿಜ. ಬ್ರೇಕ್ ಚೆನ್ನಾಗೇ ಇತ್ತು. ನನಗೆ ತೂಕಡಿಕೆ ಬಂದಿತ್ತು. ಹಲ್ಲು ಮುರಿದದ್ದೂ ಆಗಲೇ."

"ನನ್ನ ಹತ್ರ ಯಾಕೆ ಮುಚ್ಚಿಟ್ರಿ?"

"ಮುಚ್ಚಿಡಬೇಕು ಅಂತಲ್ಲ. ಬಾಯಿ ಬರಲಿಲ್ಲ. ಎರಡೂ ಒಂದೇ ಅಂದ್ರೆ, ಒಂದೇ."

"ಅದಕ್ಕೇ ಅಲ್ವಾ ಆ ಪುಸ್ತಕ ಓದಬೇಡಿ ಅಂದಿದ್ದು? ಕಾವಲುಗಾರನನ್ನ ನೋಡಿ ನಿಮ್ಮ ಮೇಲೆ ಅನುಮಾನ ಬರುತ್ತೆ ಅಂತ?"

ಅವರು ನನ್ನನ್ನೇ ನೋಡಿದರು. "ಇಲ್ಲ ರೀ. ಹಿಂಬದಿ ರಟ್ಟಿನ ಮೇಲೆ ಅಚ್ಚಾಗಿದೆ, ಮೂರನೇ ಭಾಗದ ನಂತರ ಓದಿ ಅಂತ. ಓದಿ ಮುಗಿಸಿದ ಮೇಲೆ ನೋಡಿದೆ. ನಾನಂತೂ ಕೆಟ್ಟೆ, ನೀವಾದ್ರೂ ಉಳ್ಕೊಳ್ಳಿ ಅಂದ್ಕೊಂಡೆ. ನೀವು ರಟ್ಟು ನೋಡೋದೇ ಇಲ್ವಾ?"

ಮನೆಗೆ ಹೋಗಿ ನೋಡಿದೆ. ಕೆಂಪಕ್ಷರದಲ್ಲಿ, ದಪ್ಪಗೆ ಇತ್ತು.

ಆದರೂ ಒಬ್ಬರ ಬಾಯಿಮಾತಿಗೆ ಕರಗುವವಳಲ್ಲ ನಾನು. ಶನಿವಾರ ಡಿಪೋದ ಹಿಂದಿನ ಶೆಡ್ಡಿಗೆ ಹೋದೆ. ಬಸ್ಸಿನಡಿಯಿಂದ ಎರಡು ಕಾಲು ಚಾಚಿದ್ದವು. ಆ ಮೆಕ್ಯಾನಿಕ್ ಅವರೇ ಅಂತ ಅಲ್ಲಿದ್ದ ಹುಡುಗ ತೋರಿಸಿದ.

"ಆ ಗುಮಾಸ್ತರು ಎಂಥವರು?"

ಸ್ಪ್ಯಾನರಿನ ಸದ್ದು ನಿಂತಿತು. "ಯಾರಮ್ಮಾ ನೀವು?"

"ಅವರ ಮನೆಗೆ ಹೋಗಬೇಕೋ ಬೇಡವೋ ಅಂತ ಯೋಚಿಸ್ತಿರೋಳು."

ಮೆಕ್ಯಾನಿಕ್ ತೆವಳಿ ಹೊರಗೆ ಬಂದರು. ಮೂಗಿನ ತುದಿಯಲ್ಲಿ ಗ್ರೀಸು. "ಎಂಟು ದಿನ ನನ್ನನ್ನ ಮನೇಲಿ ಕೂರಿಸಿದ್ರು. ನನ್ನ ಹೆಂಡ್ತಿ ಮುಖ ಕೊಟ್ಟು ಮಾತಾಡ್ಲಿಲ್ಲ. ಒಂಬತ್ತನೇ ದಿನ ಯಾರೂ ಕೇಳದೆ ಅವನೇ ಸಾಹೇಬರ ಮುಂದೆ ನಿಂತು ಒಪ್ಕೊಂಡ. ನನಗೆ ಕೆಲಸ ವಾಪಸ್ ಸಿಕ್ತು. ಅವನಿಗೆ ಸ್ಟೀರಿಂಗ್ ಹೋಯ್ತು, ಛತ್ರಿ ಕಾಯೋ ಕೆಲಸ ಬಂತು. ಇವತ್ತಿಗೂ ನಾನು ಅವನ ಜೊತೆ ಟೀ ಕುಡಿಯಲ್ಲ. ಆದ್ರೆ ಅವನನ್ನ ಯಾರಾದ್ರೂ ಸುಳ್ಳುಗಾರ ಅಂದ್ರೆ ಜಗಳಕ್ಕೆ ನಿಲ್ತೀನಿ."

ಹೊಗಳುವ ಹತ್ತು ಜನರಿಗಿಂತ, ಕೋಪ ಆರದ ಈ ಒಬ್ಬರ ಮಾತು ನನಗೆ ಸಾಕಾಯಿತು.

ಕೌಂಟರಿನಲ್ಲಿ ಗುಮಾಸ್ತರು ಬೀಗ ಹಾಕುತ್ತಿದ್ದರು.

"ಶೆಡ್ಡಿಗೆ ಹೋಗಿದ್ದೆ."

"ವಿಚಾರಿಸೋಕಾ?"

"ವಿಚಾರಿಸದೆ ನಾನು ಟೊಮೇಟೊನೂ ತಗೊಳ್ಳಲ್ಲ."

"ಏನಂದ?"

"ನಿಮ್ಮ ಜೊತೆ ಟೀ ಕುಡಿಯಲ್ಲ ಅಂದ್ರು."

ಅವರು ತಲೆ ತಗ್ಗಿಸಿ ಬೀಗದ ಕೈಯನ್ನು ಅಂಗೈಯಲ್ಲಿ ಮುಚ್ಚಿಕೊಂಡರು. "ಅದು ಸರೀನೇ."

"ನಾನು ಕುಡಿತೀನಿ," ಅಂದೆ. "ಅಮ್ಮನಿಗೆ ಹೇಳಿ, ನಾಳೆ ಬರ್ತೀನಿ. ಸಕ್ಕರೆ ಕಮ್ಮಿ."

ಅವರು ನಕ್ಕರು. ಈ ಸಲ ಬಾಯಿಗೆ ಕೈ ಅಡ್ಡ ಬರಲಿಲ್ಲ.

ಮೂರನೇ ಭಾಗದಲ್ಲಿ ಕಾವಲುಗಾರ ಬಾಯಿಬಿಡುವಾಗ ಎಲ್ಲರೂ ಬೆಚ್ಚಿಬೀಳುತ್ತಾರಂತೆ. ಆ ಬೆರಗು ನನಗೆ ಸಿಗಲಿಲ್ಲ, ಇನ್ನು ಸಿಗುವಂಥದ್ದೂ ಅಲ್ಲ. ಗಂಡ ಸಿಕ್ಕ.