ಬಾವಿಯ ತಳದ ಒಂದು ಗಳಿಗೆ

ಕೊಟ್ಟ ಮಾತನ್ನು ದೇವರೇ ನಿಂತು ಕಾಯುತ್ತಿದ್ದ ಕಾಲದಲ್ಲಿ ಮೇಘಾವತಿ ಎಂಬ ರಾಜ್ಯವಿತ್ತು. ಬೆಟ್ಟದ ತುದಿಯಲ್ಲಿ ಕಾಲೇಶ್ವರ ಸ್ವಾಮಿಯ ಗುಡಿ, ಬುಡದಲ್ಲಿ ಅರಮನೆ. ಎರಡು ಕಡೆಯೂ ನೀರು ತುಂಬಿದ ಕೊಪ್ಪರಿಗೆ, ಅದರಲ್ಲಿ ತೇಲುವ ತಾಮ್ರದ ಗಳಿಗೆ ಬಟ್ಟಲು. ತಳದಲ್ಲಿ ಸೂಜಿಮೊನೆಯಷ್ಟು ತೂತಿದ್ದ ಆ ಬಟ್ಟಲು ತುಂಬಿ ಮುಳುಗಿದರೆ ಒಂದು ಗಳಿಗೆ. ಆಗ ಜಾಗಟೆ ಬಾರಿಸಬೇಕು.

ಮೇಲೆ ಬಟ್ಟಲು ಕಾಯುವವನು ಮಾಚಯ್ಯ, ಕೆಳಗೆ ಕಾಯುವವಳು ಅವನ ಮಗಳು ಸಾಂತವ್ವೆ. ಒಂದೇ ಅಚ್ಚಿನ ಬಟ್ಟಲು, ಒಂದೇ ಹೊಳೆಯ ನೀರು. ಆದರೂ ವರ್ಷ ತುಂಬುವಾಗ ಅಪ್ಪನ ಎಣಿಕೆ ಒಂದು ಬಟ್ಟಲು ಮುಂದಿರುತ್ತಿತ್ತು.

"ಏನಯ್ಯಾ ಮಾಚಯ್ಯ, ಮನೆಗೆ ಹೋಗೋ ಅವಸರವೋ? ಬಟ್ಟಲು ಮುಳುಗೋ ಮೊದಲೇ ಬಾರಿಸ್ತೀಯೋ?" ಎಂದು ಮಂತ್ರಿ ಛೇಡಿಸಿದ.

"ಎರಡೂ ಸರಿ, ಸ್ವಾಮೀ. ಮೇಲಿನ ಕಾಲ ಮೇಲಿನದು, ಕೆಳಗಿನ ಕಾಲ ಕೆಳಗಿನದು."

ಆಸ್ಥಾನವೆಲ್ಲ ಗೊಳ್ಳೆಂದು ನಕ್ಕಿತು. ಸಾಂತವ್ವೆ ಸಿಟ್ಟಿನಿಂದ ಅಪ್ಪನತ್ತ ತಿರುಗಿದಳು. ಅಪ್ಪ ಮಾತ್ರ ಸಮಾಧಾನದಿಂದ, "ನಗಲಿ ಬಿಡವ್ವಾ. ಪೂಜೆಗೆ ಕೂತಾಗ ಸಂಕಲ್ಪದಲ್ಲಿ ಏನು ಹೇಳ್ತೀವಿ? ಯಾವ ಕಾಲ, ಯಾವ ಜಾಗ, ಎರಡನ್ನೂ ಹೇಳ್ತೀವಿ. ಜಾಗ ಬಿಟ್ಟು ಬರೀ ಕಾಲ ಹೇಳಿದರೆ ಅದು ಸಂಕಲ್ಪವೇ ಅಲ್ಲ. ಹಿರಿಯರು ಸುಮ್ಮನೆ ಇಟ್ಟಿದ್ದಲ್ಲ" ಎಂದ.

ಹೀಗಿರಲು ಒಂದು ದಿನ ಗರಳಾಕ್ಷನೆಂಬ ಮಾಂತ್ರಿಕ ಹದ್ದಿನ ರೂಪದಲ್ಲಿ ಬಂದು ಐದು ವರ್ಷದ ರಾಜಕುಮಾರಿ ಮಲ್ಲಾಜಮ್ಮಣ್ಣಿಯನ್ನು ಎತ್ತಿಕೊಂಡು ಹೋದ. ಹೋಗುತ್ತಾ ಆಕಾಶದಿಂದಲೇ ಕೂಗಿದ: "ಮೂರು ಬೆಟ್ಟದಾಚೆ ನನ್ನ ಬಾವಿ. ಅದರ ತಳಕ್ಕೆ ಬಂದು ಒಂದೇ ಗಳಿಗೆಯಲ್ಲಿ ಮೂರು ಕೆಲಸ ಮುಗಿಸಿದವರಿಗೆ ಮಗು. ಸೋತವರು ಕಲ್ಲು!"

ಒಂಬತ್ತು ಮಂದಿ ವೀರರು ಕತ್ತಿ ಕಟ್ಟಿಕೊಂಡು ಹೋದರು. ಒಬ್ಬರೂ ಬರಲಿಲ್ಲ. ಹತ್ತನೆಯವಳಾಗಿ ಸಾಂತವ್ವೆ ಹೊರಟಳು. ಅವಳ ಮಡಿಲಲ್ಲಿ ಇದ್ದದ್ದು ಗಳಿಗೆ ಬಟ್ಟಲೊಂದೇ.

"ಹೋಗಿ ಬಾ ತಾಯಿ. ಬರೋವರೆಗೂ ನಾನು ಜಾಗಟೆ ನಿಲ್ಲಿಸೋದಿಲ್ಲ" ಎಂದ ಅಪ್ಪ.

ಬಾವಿಯ ಮೆಟ್ಟಿಲು ಇಳಿದಂತೆಲ್ಲ ಅವಳೊಂದು ವಿಚಿತ್ರ ಕಂಡಳು. ಮೇಲೆ ಕಾಣುವ ಅಂಗೈ ಅಗಲದ ಆಕಾಶದಲ್ಲಿ ಹಗಲು ಇರುಳುಗಳು ಬರಬರುತ್ತಾ ಬೇಗ ಬೇಗ ಸರಿದವು. ತಳದಲ್ಲಿ ಒಂಬತ್ತು ಕಲ್ಲುವೀರರು ನಿಂತಿದ್ದರು. ಕೆಲವರ ಕತ್ತಿ ಇನ್ನೂ ಒರೆಯಿಂದ ಅರ್ಧವಷ್ಟೇ ಹೊರಬಂದಿತ್ತು. ಪಕ್ಕದಲ್ಲಿ ಮಾಯೆಯ ಕನ್ನಡಿ, ಅದರಾಚೆ ರಾಜಕುಮಾರಿಯನ್ನು ಕೂಡಿಟ್ಟ ಪಂಜರ, ಅದರ ಮುಂದೆ ಗರಳಾಕ್ಷ. ಗರಳಾಕ್ಷನ ಕಬ್ಬಿಣದ ಬಟ್ಟಲು ಇದ್ದದ್ದು ದೂರದ ಗಿರಿಶಿಖರದಲ್ಲಿ. ಅದು ಕನ್ನಡಿಯಲ್ಲಿ ಕಾಣುತ್ತಿತ್ತು. ಕಣ್ಣು ಮಿಟುಕಿಸುವುದರೊಳಗೆ ಮುಳುಗುತ್ತಿತ್ತು, ಏಳುತ್ತಿತ್ತು, ಮತ್ತೆ ಮುಳುಗುತ್ತಿತ್ತು.

ಸಾಂತವ್ವೆಗೆ ಅವನ ಮೋಸ ತಿಳಿಯಿತು. ಇಳಿದಷ್ಟೂ ಕಾಲ ನಿಧಾನ, ಏರಿದಷ್ಟೂ ಬೇಗ. ಕೆಲಸ ತಳದಲ್ಲಿ, ಅಳತೆ ಶಿಖರದಲ್ಲಿ! 'ಒಂದು ಗಳಿಗೆ' ಎಂದಾಗ ಯಾವ ಜಾಗದ್ದೆಂದು ವೀರರು ಯಾರೂ ಕೇಳಿರಲಿಲ್ಲ.

ಅವಳು ಬಾವಿಯ ನೀರಿನ ಬಳಿ ಕುಳಿತು ಬೊಗಸೆಯಲ್ಲಿ ನೀರು ಹಿಡಿದು ಸಂಕಲ್ಪ ಶುರುಮಾಡಿದಳು. ಯುಗ ಹೇಳಿದಳು, ವರ್ಷ ಹೇಳಿದಳು, ಮಾಸ ತಿಥಿ ಹೇಳಿದಳು. ಗರಳಾಕ್ಷ ಆಕಳಿಸಿದ.

"...ಈ ಬಾವಿಯ ತಳದಲ್ಲಿ, ಈ ನೀರಿನಲ್ಲಿ, ಈ ಬಟ್ಟಲಿನ ಒಂದು ಗಳಿಗೆಯೊಳಗೆ ಮೂರು ಕೆಲಸ ಮುಗಿಸುತ್ತೇನೆ. ಒಪ್ಪಿದೆಯಾ?"

"ಒಪ್ಪಿದೆ, ಒಪ್ಪಿದೆ! ನಿನ್ನ ಮಂತ್ರ ಮುಗೀತಾ ಅಮ್ಮಣ್ಣೀ?"

ಅವಳು ನೀರು ಬಿಟ್ಟು ಬಟ್ಟಲು ತೇಲಿಬಿಟ್ಟಳು.

ಮೊದಲನೆಯ ಕೆಲಸ, ಏಳು ಹೆಡೆಯ ಸರ್ಪದ ಕೊರಳಿನಿಂದ ಪಂಜರದ ಬೀಗದ ಕೈ ತರುವುದು. ಅವಳು ಅದರ ಉಸಿರು ಎಣಿಸಿದಳು. ನೂರೆಂಟಕ್ಕೊಮ್ಮೆ ಏಳು ಹೆಡೆಯೂ ಒಟ್ಟಿಗೆ ಕಣ್ಣು ಮುಚ್ಚುತ್ತಿದ್ದವು. ಆಗ ಕೈ ಹಾಕಿದಳು.

ಎರಡನೆಯದು, ಗಾಳಿಕುದುರೆಯನ್ನು ಹಿಡಿಯುವುದು. ಕೃತಯುಗದಿಂದ ಓಡುತ್ತಲೇ ಇದ್ದರೂ ಅದು ಇನ್ನೂ ಹಾಲುಹಲ್ಲಿನ ಮರಿ. ಅಷ್ಟು ವೇಗವಾಗಿ ಓಡುವವರಿಗೂ ಕಾಲ ನಿಧಾನವಾಗಿಯೇ ಸರಿಯುತ್ತದಲ್ಲವೇ! ಅವಳು ಬೆನ್ನಟ್ಟಲಿಲ್ಲ. ಬೊಗಸೆ ತುಂಬ ನೀರು ಹಿಡಿದು, "ದಣಿದಿದ್ದೀಯ, ಬಾ ಕಂದ" ಎಂದಳು. ಯಾರೂ ಹಾಗೆ ಕರೆದಿರಲಿಲ್ಲ. ಕುದುರೆ ನಿಂತಿತು, ಕುಡಿಯಿತು, ಅವಳ ಹೆಗಲಿಗೆ ಮೂತಿ ಒರಗಿಸಿತು.

ಮೂರನೆಯದು, ಕನ್ನಡಿಯ ಮುಂದೆ ಹಾದು ಪಂಜರ ತೆರೆಯುವುದು. ಕನ್ನಡಿಯಲ್ಲಿ ಅಪ್ಪ ಕಂಡ. ನೋಡನೋಡುತ್ತಿದ್ದಂತೆ ಅವನ ಕೂದಲು ನರೆಯಿತು, ಬೆನ್ನು ಬಾಗಿತು.

"ಈಗಲೇ ಮೇಲೆ ಓಡಿದರೆ ಅಪ್ಪ ಸಿಗ್ತಾನೆ. ಮಗು ಬಿಟ್ಟು ಹೋಗು" ಎಂದ ಗರಳಾಕ್ಷ.

ಸಾಂತವ್ವೆ ಮೆಟ್ಟಿಲತ್ತ ತಿರುಗಿದಳು. ಆದರೆ ಕನ್ನಡಿಯಲ್ಲಿ ಅಪ್ಪನ ಕೈ ಜಾಗಟೆಯ ಮೇಲೇ ಇತ್ತು. "ನನ್ನಪ್ಪ ಕಾಯ್ತಾನೆ. ಕಾಯೋದೇ ನಮ್ಮ ಮನೆತನದ ಕೆಲಸ" ಎಂದು ತಲೆಯೆತ್ತಿ ನಡೆದು ಪಂಜರ ತೆರೆದಳು. ಅವಳ ಹಿಂದೆ ಬಟ್ಟಲು ಗುಳುಕ್ಕೆಂದು ಆಗಷ್ಟೇ ಮುಳುಗಿತು.

"ಮೋಸ! ನನ್ನ ಬಟ್ಟಲು ಮುಳುಗಿ ಎಷ್ಟೋ ವರ್ಷವಾಯ್ತು!"

"ಯಾವ ಜಾಗದ ಗಳಿಗೆ ಅಂತ ಹೇಳಿದ್ದೆ. ನೀನು ಒಪ್ಪಿದ್ದೆ."

ನೀರು ಹಿಡಿದು ಮಾಡಿದ ಸಂಕಲ್ಪಕ್ಕೆ ಒಪ್ಪಿದ ಮಾತು ಅವನನ್ನು ಕಟ್ಟಿತು. ಮುಪ್ಪಿಗೆ ಹೆದರಿ ಯುಗಗಳಿಂದ ತಳದಲ್ಲಿ ಅಡಗಿದ್ದವನನ್ನು ಬಾವಿಯೇ ಶಿಖರಕ್ಕೆ ಉಗುಳಿತು. ಅಲ್ಲಿ ಕಾಲ ಅವನ ಮೇಲೆ ಒಟ್ಟಿಗೆ ಎರಗಿತು, ಅವನು ಬೂದಿಯಾಗಿ ಉದುರಿಹೋದ. ಕಲ್ಲುವೀರರು ಮೈಮುರಿದು ಎದ್ದರು.

ಗಾಳಿಕುದುರೆಯ ಮೇಲೆ ಮಗುವನ್ನು ಕೂರಿಸಿಕೊಂಡು ಅವಳು ನೇರ ಬೆಟ್ಟದ ಗುಡಿಗೆ ಬಂದಳು. ಹತ್ತಿಯಂತೆ ನರೆತ ತಲೆಯ ಮುದುಕನೊಬ್ಬ ಜಾಗಟೆ ಬಾರಿಸುತ್ತಿದ್ದ.

"ಎಷ್ಟು ಹೊತ್ತು ಹಿಡೀತವ್ವಾ?"

"ತಳದಲ್ಲಿ ಒಂದು ಗಳಿಗೆ ಅಪ್ಪಾ. ನಿಮಗೆ?"

"ಹನ್ನೆರಡು ವರ್ಷ. ಒಂದು ಬಟ್ಟಲೂ ತಪ್ಪಿಸಿಲ್ಲ ಕಣೇ."

ಅಪ್ಪನ ಪಾದ ಹಿಡಿದು ಅವಳು ಅತ್ತಳು. ಅಪ್ಪ ಅವಳ ತಲೆ ನೇವರಿಸಿದ. ರಾಜ ರಾಣಿ ಓಡಿಬಂದರು. ಇನ್ನೂ ಐದು ವರ್ಷದವಳಾಗಿಯೇ ಇದ್ದ ರಾಜಕುಮಾರಿ, "ಅಮ್ಮಾ, ನಿನ್ನ ತಲೆಗೆ ಯಾರು ಹಿಟ್ಟು ಹಾಕಿದ್ದು?" ಎಂದು ಕೇಳಿದಳು. ರಾಣಿ ಅಳುತ್ತಲೇ ನಕ್ಕಳು.

"ಹಾಗಾದರೆ ಯಾರ ಎಣಿಕೆ ಸರಿ?" ಎಂದ ರಾಜ.

ಅಂದು ನಕ್ಕಿದ್ದ ಮಂತ್ರಿ ಪೇಟ ತೆಗೆದು ಮಾಚಯ್ಯನ ಮುಂದೆ ಬಾಗಿದ. "ಎರಡೂ ಸರಿ, ಪ್ರಭೂ."

ಅಂದಿನಿಂದ ಮೇಘಾವತಿಯಲ್ಲಿ ಮೊದಲು ಜಾಗದ ಹೆಸರು ಕೂಗಿ, ಆಮೇಲೆ ಗಳಿಗೆ ಬಾರಿಸುತ್ತಾರೆ. ಬೆಟ್ಟದ ಮೇಲಿನವರೂ ಬುಡದವರೂ ಅವರವರ ಗಳಿಗೆಯಲ್ಲಿ ಉಂಡು ಉಟ್ಟು ಸುಖವಾಗಿದ್ದರು. ಬಟ್ಟಲು ಎಷ್ಟಾದರೂ ಇರಲಿ, ತುಂಬಿಸುವ ಸ್ವಾಮಿ ಒಬ್ಬನೇ.